ಎರಡು ಬೆರಳು ಗ್ಲಾಸು

“ಗ್ಲಾಸು ಏರಿಸಿ ಭಾವ, ಎಸಿ ಎಲ್ಲಾ ಹೊರಗೆ ಹೋಗ್ತಿದೆ.”

ಒಂದು ಏಪ್ರಿಲ್ ಮಧ್ಯಾಹ್ನ, ಹಿರೀಸಾವೆ ದಾಟಿದ ಮೇಲೆ ನಾನು ಹೇಳಿದ ಮಾತಿದು. ಭಾವ ತಮ್ಮ ಟ್ಯಾಕ್ಸಿ ಓಡಿಸುತ್ತಿದ್ದರು. ನಾನು ಪಕ್ಕದಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಅಕ್ಕ ಸೆರಗು ಹೊದ್ದು ನಿದ್ದೆ ಹೋಗಿದ್ದಳು. ಹಾಸನದಿಂದ ಹೊರಟಾಗಿನಿಂದಲೂ ಭಾವನ ಬಲಗಡೆಯ ಗ್ಲಾಸು ಮೇಲೆ ಎರಡು ಬೆರಳಿನಷ್ಟು ತೆರೆದೇ ಇತ್ತು. ಬಿಸಿಗಾಳಿ ಸುಯ್ಯೆಂದು ಒಳಗೆ ಬರುತ್ತಿತ್ತು, ಜೊತೆಗೆ ದೂಳು.

“ಅಭ್ಯಾಸ ಆಗ್ಬಿಟ್ಟಿದೆ ಕಣೋ. ಪೂರ್ತಿ ಮುಚ್ಚಿದ್ರೆ ತಲೆ ಹಿಡ್ಕೊಂಡಂಗೆ ಆಗುತ್ತೆ” ಅಂದರು.

ನಾನು ಬಿಡಲಿಲ್ಲ. ಎಸಿ ಹಾಕಿಕೊಂಡು ಗ್ಲಾಸು ಇಳಿಸಿದರೆ ಡೀಸೆಲ್ ದಂಡ ಎಂದೆ. ದೂಳಿನಿಂದ ಕೆಮ್ಮು ಬರುತ್ತದೆ ಎಂದೆ. ಕೊನೆಗೆ, “ಈ ಗಾಡಿ ಮುಚ್ಕೊಂಡು ಓಡಿಸೋಕೇ ಮಾಡಿರೋದು ಭಾವ. ಇದರ ಶಬ್ದ ಕಮ್ಮಿ ಮಾಡೋಕೆ ನಾವು ಎರಡು ವರ್ಷ ಒದ್ದಾಡಿದ್ದೀವಿ” ಎಂದೆ. ಭಾವ ಮರುಮಾತಾಡದೆ ಗುಂಡಿ ಒತ್ತಿದರು. ಗ್ಲಾಸು ಏರಿ ಮೇಲಿನ ರಬ್ಬರಿನೊಳಗೆ ಕೂತಿತು. ಗಾಳಿಯ ಸದ್ದು ನಿಂತಿತು. “ನೋಡಿ, ಎಷ್ಟು ಶಾಂತವಾಯ್ತು” ಎಂದು ನಾನೇ ಹೇಳಿದೆ.

ಭಾವ ಆ ಕಾರು ಕೊಂಡಿದ್ದೇ ನನ್ನ ಮಾತಿನ ಮೇಲೆ. ನಾನು ಪುಣೆಯಲ್ಲಿ ಒಂದು ಕಾರು ಕಂಪನಿಯಲ್ಲಿದ್ದೆ. ಎನ್‌ವಿಎಚ್ ಎಂದು ಕರೆಯುವ ವಿಭಾಗ: ಶಬ್ದ, ಕಂಪನ, ಕರ್ಕಶತೆ ಇವು ಮೂರೂ ನಮ್ಮ ಪಾಲಿಗೆ. ಎಂಜಿನ್ನಿನ ನಡುಕ ಸ್ಟೀರಿಂಗಿಗೆ ಎಷ್ಟು ಬರುತ್ತದೆ, ಟೈರಿನ ಸದ್ದು ಯಾವ ಸಂದಿಯಿಂದ ಒಳಗೆ ನುಗ್ಗುತ್ತದೆ, ನೆಲಕ್ಕೆ ಅಂಟಿಸುವ ಡಾಂಬರಿನ ಹಾಳೆ ಎಷ್ಟು ದಪ್ಪ ಇರಬೇಕು, ದಿನವಿಡೀ ಇದೇ ಕೆಲಸ. ಭಾವ ಕೊಂಡ ಮೂರು ಸಿಲಿಂಡರಿನ ಡೀಸೆಲ್ ಕಾರಿಗೆ ನಮ್ಮ ತಂಡ ದುಡಿದಿತ್ತು. “ನಮ್ಮ ಹುಡುಗ ಮಾಡಿದ ಗಾಡಿ” ಎಂದು ಭಾವ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

ನಾನು ಮಾಡಿದ ತಪ್ಪು ಹಿರೀಸಾವೆಯ ಆ ಮಧ್ಯಾಹ್ನಕ್ಕಿಂತ ಹಳೆಯದು. ಪುಣೆಯಿಂದ ಸಾತಾರಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಅದು ಆದದ್ದು.

ನಮ್ಮಲ್ಲಿ ಒಬ್ಬ ಹಿರಿಯ ಟೆಸ್ಟ್ ಡ್ರೈವರ್ ಇದ್ದರು, ವಿಜಯಪುರ ಜಿಲ್ಲೆಯವರು. ಇಪ್ಪತ್ತು ವರ್ಷ ಲಾರಿ ಓಡಿಸಿ ಆಮೇಲೆ ಕಂಪನಿ ಸೇರಿದವರು. ಕಾರಿನ ಕಾಯಿಲೆಯನ್ನು ಅವರು ಮೈಯಿಂದಲೇ ಹಿಡಿಯುತ್ತಿದ್ದರು. ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರ ನೋಡಿರಿ, ಕುಂಡಿ ಕೆಳಗೆ ಅದುರಿದರೆ ಹಿಂದಿನದು ನೋಡಿರಿ ಎನ್ನುತ್ತಿದ್ದರು. ಸಣ್ಣ ಕಾರಿನ ಚಕ್ರ ಗಂಟೆಗೆ 80 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಸುಮಾರು ಹನ್ನೆರಡು ಸಲ ಸುತ್ತುತ್ತದೆ. ರಿಮ್ಮಿನ ಒಂದು ಕಡೆ ಕೆಲವೇ ಗ್ರಾಂ ತೂಕ ಹೆಚ್ಚಿದ್ದರೂ ಸೆಕೆಂಡಿಗೆ ಹನ್ನೆರಡು ಗುದ್ದು. ನಾವು ಅದನ್ನು ಹಿಡಿಯಲು ಸ್ಟೀರಿಂಗಿಗೆ ಸೆನ್ಸರ್ ಅಂಟಿಸಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ಅವರು ಯಾವ ಚಕ್ರ ಎಂದು ಹೇಳಿ ಚಹಾಕ್ಕೆ ಹೋಗಿರುತ್ತಿದ್ದರು.

ಆ ಕಾರನ್ನು ಸಾತಾರಾವರೆಗೆ ಓಡಿಸಿ ಬಂದ ದಿನ ಅವರು ಇಳಿದವರೇ ಎರಡೂ ಕಿವಿ ಉಜ್ಜಿಕೊಂಡರು. ತಂಡದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ನನ್ನನ್ನು ಹುಡುಕಿಕೊಂಡು ಬಂದು ಹೇಳಿದರು:

“ಸಾಹೇಬ್ರ, ಇದರಾಗ ಸಪ್ಪಳ ಇಲ್ಲರಿ. ಆದ್ರ ಎಂಬತ್ತರ ಸ್ಪೀಡಿಗೆ ಬಂದಕೂಡ್ಲೆ ಎರಡೂ ಕಿವಿ ಮ್ಯಾಲೆ ಯಾರೋ ಅಂಗೈ ಇಟ್ಟು ಒತ್ತಿದಂಗ ಆಕ್ಕೈತ್ರಿ. ಗ್ಲಾಸ್ ಸ್ವಲ್ಪ ಇಳಿಸಿದ್ರ ಹೊಕ್ಕೈತಿ. ನಾ ಸಾತಾರಾದಿಂದ ಗ್ಲಾಸ್ ಇಳಿಸ್ಕೊಂಡ ಬಂದೇನ್ರಿ.”

ಪ್ರತಿ ಓಟದ ನಂತರ ಒಂದು ಫಾರ್ಮ್ ತುಂಬಬೇಕು. ಹತ್ತಕ್ಕೆ ಎಷ್ಟು ಅಂಕ ಎಂಬ ಕಾಲಂ, ಪಕ್ಕದಲ್ಲಿ ಷರಾ ಬರೆಯಲು ಒಂದೇ ಒಂದು ಸಾಲು. ಫಾರ್ಮ್ ಇಂಗ್ಲಿಷಿನಲ್ಲಿತ್ತು, ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅವರ ಷರಾ ಬರೆಯುವುದು ನನ್ನ ಕೆಲಸವಾಗಿತ್ತು. ಅವರು ಐದು ಅಂಕ ಕೊಟ್ಟರು. ಅಂಗೈ, ಕಿವಿ, ಗ್ಲಾಸು ಎಂದೆಲ್ಲ ಅವರು ಹೇಳಿದ್ದು ನನ್ನ ಕೈಯಲ್ಲಿ ‘ಸ್ಲೈಟ್ ಬೂಮ್’ ಎಂಬ ಎರಡು ಪದವಾಯಿತು. ಬೂಮ್ ಎಂದರೆ ನಮ್ಮ ಕಸುಬಿನಲ್ಲಿ ಕಾರಿನೊಳಗೆ ತುಂಬಿಕೊಳ್ಳುವ ಗುಂಯ್‌ಗುಡುವಿಕೆ. ಸ್ಲೈಟ್ ಎಂದರೆ ಅಲ್ಪ. ಅಲ್ಪ ಎಂದು ಅವರು ಹೇಳಿರಲಿಲ್ಲ. ಆ ಪದ ನನ್ನದು. ನನ್ನ ಮೀಟರ್ 80 ಕಿಲೋಮೀಟರಿಗೆ 67 ಡೆಸಿಬಲ್ ತೋರಿಸಿತ್ತು, ನಮ್ಮ ಗುರಿ 68. ಅಂಕಿ ಗುರಿಯೊಳಗೆ ಇದೆ ಎಂದ ಮೇಲೆ ತೊಂದರೆ ದೊಡ್ಡದಿರಲು ಸಾಧ್ಯವಿಲ್ಲ ಎಂದು ನಂಬಿ ಆ ಪದ ಬರೆದೆ.

ಅದಾದ ವಾರ ಸಭೆಯಲ್ಲಿ ಅಂಕಗಳ ಪಟ್ಟಿ ಪರದೆಯ ಮೇಲೆ ಬಂತು. ನಾವು ನಾಲ್ವರು ಎಂಜಿನಿಯರುಗಳು ಏಳು ಕೊಟ್ಟಿದ್ದೆವು. ಆರಕ್ಕಿಂತ ಕಡಿಮೆ ಬಂದರೆ ಕಾರಣ ಹುಡುಕಿ ಸರಿಪಡಿಸಬೇಕೆಂಬುದು ನಿಯಮ. ಐದು ಯಾರದು ಎಂದು ಮುಖ್ಯಸ್ಥರು ಕೇಳಿದರು. ಹಳೆಯ ಲಾರಿ ಡ್ರೈವರು, ಒಬ್ಬರದೇ ಅಭಿಪ್ರಾಯ, ಉಳಿದವರ ಜೊತೆ ಹೊಂದುತ್ತಿಲ್ಲ ಎಂದೆ. ಆ ಅಂಕವನ್ನು ಸರಾಸರಿಯಿಂದ ಬಿಟ್ಟೆವು. ನಾವು ನಾಲ್ವರಲ್ಲಿ ಯಾರೂ ಆ ಕಾರನ್ನು ಒಂದೇ ಸಮನೆ ಮುಕ್ಕಾಲು ಗಂಟೆಗಿಂತ ಹೆಚ್ಚು ಓಡಿಸಿರಲಿಲ್ಲ. ಅವರು ನಾಲ್ಕು ಗಂಟೆ ಅದರಲ್ಲಿ ಕೂತು ಬಂದಿದ್ದರು. ಇದನ್ನು ಸಭೆಯಲ್ಲಿ ಹೇಳಬಹುದಾಗಿದ್ದವನು ನಾನೊಬ್ಬನೇ. ಹೇಳಲಿಲ್ಲ.

67 ಎಂಬ ಆ ಅಂಕಿ ಏನನ್ನು ಮುಚ್ಚಿಟ್ಟಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಾರು ಕೊಳ್ಳುವ ಎಲ್ಲರೂ ಇಂಥ ಅಂಕಿಗಳನ್ನು ಓದುತ್ತಾರೆ.

ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲ. ಹುಡುಗಿಯ ಕೀರಲು ದನಿ ಸಣ್ಣದಾಗಿದ್ದರೂ ಕೇಳುತ್ತದೆ. ದೂರದ ಲಾರಿಯ ತಗ್ಗಿನ ಗುಡುಗು ಬಲು ಜೋರಿದ್ದರೂ ಕ್ಷೀಣವಾಗಿ ಕೇಳುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಜನರ ಕಿವಿಗೆ ಬೇರೆ ಬೇರೆ ಸ್ವರ ಕೇಳಿಸಿ, ಯಾವುದು ಎಷ್ಟು ಜೋರಾಗಿ ತೋರುತ್ತದೆ ಎಂದು ಅಳೆದು 1933ರಲ್ಲಿ ಪ್ರಕಟಿಸಿದರು. ಆ ಬಗೆಯ ವಕ್ರರೇಖೆಗಳಿಂದ ಬಂದದ್ದೇ ಶಬ್ದದ ಮೀಟರಿನಲ್ಲಿರುವ ‘ಎ’ ತೂಕ. ಸಾಕಷ್ಟು ಮೆಲುದನಿಯ ಸದ್ದಿಗೆ ಹೊಂದುವ ರೇಖೆಯಿಂದ ತೆಗೆದ ತೂಕ ಅದು. ಮೀಟರ್ ಆ ರೇಖೆಯ ಪ್ರಕಾರ ತಗ್ಗು ಸ್ವರಗಳಿಂದ ಒಂದಿಷ್ಟು ಕಳೆದು ಉಳಿದುದನ್ನು ಅಂಕಿಯಾಗಿ ತೋರಿಸುತ್ತದೆ. ಸೆಕೆಂಡಿಗೆ ಸಾವಿರ ಕಂಪನದ, ಅಂದರೆ 1000 ಹರ್ಟ್ಸ್‌ನ ಸ್ವರದಿಂದ ಏನೂ ಕಳೆಯುವುದಿಲ್ಲ. 100 ಹರ್ಟ್ಸ್‌ನಿಂದ 19 ಡೆಸಿಬಲ್ ಕಳೆಯುತ್ತದೆ. 40 ಹರ್ಟ್ಸ್‌ನಿಂದ 34.6 ಡೆಸಿಬಲ್.

ಈಗ ಆ ಕಾರಿನ ಎಂಜಿನ್. ನಾಲ್ಕು ಸ್ಟ್ರೋಕಿನ ಮೂರು ಸಿಲಿಂಡರ್ ಎಂಜಿನ್ ಎರಡು ಸುತ್ತಿಗೆ ಮೂರು ಸಲ ಸಿಡಿಯುತ್ತದೆ, ಒಂದು ಸುತ್ತಿಗೆ ಒಂದೂವರೆ. ಟಾಪ್ ಗೇರಿನಲ್ಲಿ 80 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 1600 ಸುತ್ತು ಸುತ್ತುತ್ತಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸರಿಯಾಗಿ 40 ಸಿಡಿತ. ಈ 40 ಹರ್ಟ್ಸ್‌ನ ಗುಂಯ್‌ಗುಡುವಿಕೆ ಕಾರಿನೊಳಗೆ 95 ಡೆಸಿಬಲ್ ಇದ್ದರೂ ‘ಎ’ ಮೀಟರ್ ಅದನ್ನು ಸುಮಾರು 60 ಎಂದು ಎಣಿಸುತ್ತದೆ. ಟೈರು, ಗಾಳಿ, ಎಂಜಿನ್ನಿನ ಉಳಿದ ಸದ್ದೆಲ್ಲ ಸೇರಿ 66 ಇದ್ದಲ್ಲಿ ಈ 60 ಬಂದು ಕೂಡಿಕೊಂಡರೆ ಒಟ್ಟು 67 ಆಗುತ್ತದೆ. ಡೆಸಿಬಲ್ಲಿನ ಕೂಡುವ ಲೆಕ್ಕವೇ ಹಾಗೆ. ಎರಡೂ ಕಿವಿಯನ್ನು ಗಂಟೆಗಟ್ಟಲೆ ಒತ್ತುವ ಒತ್ತಡವೊಂದು ನನ್ನ ಕಾಗದದಲ್ಲಿ ಬರೀ ಒಂದು ಡೆಸಿಬಲ್ ಆಗಿ ಕೂತಿತ್ತು.

‘ಎ’ ತೂಕ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯಲ್ಲಿ ಕಿವಿಯ ರಕ್ಷಣೆಗೆ, ರಸ್ತೆಯ ಗದ್ದಲ ಅಳೆಯಲು ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದೇ ಮೀಟರಿನಲ್ಲಿ ‘ಎ’ ಪಕ್ಕದಲ್ಲೇ ‘ಸಿ’ ಎಂಬ ಇನ್ನೊಂದು ತೂಕವಿದೆ. 40 ಹರ್ಟ್ಸ್‌ನಿಂದ ಅದು ಕಳೆಯುವುದು ಬರೀ ಎರಡು ಡೆಸಿಬಲ್. ಆ ಡ್ರೈವರ್ ಕಿವಿ ಉಜ್ಜಿಕೊಂಡು ಬಂದ ದಿನ ನಾನು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು.

ಕಾರು ಮಾರುಕಟ್ಟೆಗೆ ಬಂತು. ಒಳ್ಳೆಯ ಮೈಲೇಜು, ಜನ ಕೊಂಡರು. ನಾನು ಎರಡು ವರ್ಷದ ನಂತರ ಆ ಕೆಲಸ ಬಿಟ್ಟು ಬೆಂಗಳೂರಿಗೆ ಬಂದೆ, ಕಾರಿನ ಬಿಡಿಭಾಗ ಮಾಡುವ ಸಣ್ಣ ಕಂಪನಿಗೆ. ಭಾವ ಆ ಹೊತ್ತಿಗೆ ಹಳೆಯ ಕಾರು ಮಾರಿ ಹೊಸದು ನೋಡುತ್ತಿದ್ದರು. ಯಾವುದು ತಗೊಳ್ಳಲಿ ಎಂದು ಕೇಳಿದಾಗ ಇದನ್ನೇ ಹೇಳಿದೆ.

ಹಳದಿ ಬೋರ್ಡಿನ ಗಾಡಿಗಳಿಗೆ 80 ಕಿಲೋಮೀಟರ್ ಮೀರದಂತೆ ಸ್ಪೀಡ್ ಗವರ್ನರ್ ಹಾಕಿಸಬೇಕೆಂಬ ನಿಯಮ ಬಂದಾಗ ಭಾವನೂ ಹಾಕಿಸಿದರು. ಸುರಕ್ಷತೆಗೆ ಒಳ್ಳೆಯ ನಿಯಮ. ಮನೆ ಬಳಕೆಗೆ ಕೊಂಡವರು ಅರವತ್ತರಲ್ಲಿ ಸ್ವಲ್ಪ ಹೊತ್ತು, ತೊಂಬತ್ತರಲ್ಲಿ ಸ್ವಲ್ಪ ಹೊತ್ತು ಓಡಿಸುತ್ತಾರೆ. ಎಂಬತ್ತರ ಆ ಗುಂಯ್ ಅವರಿಗೆ ಬಂದು ಹೋಗುತ್ತದೆ. ಟ್ಯಾಕ್ಸಿಯವನು ಹಾಗಲ್ಲ. ಹಾಸನದಿಂದ ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಅಗಲವಾದ ರಸ್ತೆ, ಡೀಸೆಲ್ ಉಳಿಸಲು ಟಾಪ್ ಗೇರು, ಗವರ್ನರ್ ತಡೆಯುವವರೆಗೂ ಆಕ್ಸಿಲರೇಟರ್ ಮೇಲೆ ಕಾಲು. ನಾನು ಅಲ್ಪ ಎಂದು ಬರೆದ ಜಾಗದಲ್ಲೇ, 1600 ಸುತ್ತಿನಲ್ಲಿ, ಭಾವ ದಿನಕ್ಕೆ ಐದಾರು ಗಂಟೆ ಕೂತಿರುತ್ತಿದ್ದರು. ಅದಕ್ಕೊಂದು ಉಪಾಯವನ್ನೂ ತಾವೇ ಕಂಡುಕೊಂಡಿದ್ದರು, ಎರಡು ಬೆರಳು ಗ್ಲಾಸು. ಅದನ್ನೂ ನಾನು ಮುಚ್ಚಿಸಿದೆ.

ಜೂನ್‌ನಲ್ಲಿ ಅಕ್ಕನ ಫೋನು ಬಂತು. ಭಾವ ರಾತ್ರಿ ಎರಡಕ್ಕೆ ಹಾಸನ ಬಿಟ್ಟು ಏರ್‌ಪೋರ್ಟ್ ಡ್ರಾಪ್ ಮುಗಿಸಿ, ಅಲ್ಲೇ ಗಾಡಿಯಲ್ಲಿ ಎರಡು ಗಂಟೆ ಮಲಗಿ, ವಾಪಸು ಖಾಲಿ ಬರುತ್ತಿದ್ದರು. ಕುಣಿಗಲ್ ದಾಟಿ ಯಡಿಯೂರಿಗೆ ಬರುವ ಮೊದಲು ರೆಪ್ಪೆ ಮುಚ್ಚಿದೆ. ಎಡಗಡೆಯ ಚಕ್ರಗಳು ಟಾರು ಬಿಟ್ಟು ಮಣ್ಣಿಗೆ ಇಳಿದಿವೆ. ಎಚ್ಚರಾಗಿ ಎಳೆದುಕೊಳ್ಳುವಷ್ಟರಲ್ಲಿ ಗಾಡಿ ರಸ್ತೆಯಂಚಿನ ಕಲ್ಲುಗಳಿಗೆ ಗುದ್ದಿ ನಿಂತಿದೆ. ಮುಂಭಾಗ ಹೋಯಿತು. ಭಾವನ ಬಲಗೈ ಮಣಿಕಟ್ಟು ಮುರಿಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಅಕ್ಕ ಎಳನೀರು ತರಲು ಹೋದಾಗ ಕೇಳಿದೆ.

“ಗ್ಲಾಸು ಮುಚ್ಚಿತ್ತಾ ಭಾವ?”

“ನೀನು ಹೇಳಿದ ಮೇಲೆ ಮುಚ್ಚೇ ಓಡಿಸ್ತಿದ್ದೆನಲ್ಲ” ಅಂದರು. ದೂರುವ ದನಿಯಲ್ಲ. ನಾನು ಹೇಳಿದ್ದನ್ನು ಪಾಲಿಸಿದ್ದೇನೆ ಎಂದು ನನಗೆ ಧೈರ್ಯ ಹೇಳುವ ದನಿ.

ಆ ಗುಂಯ್‌ನಿಂದಲೇ ಅಪಘಾತವಾಯಿತು ಎಂದು ನಾನು ಹೇಳಲಾರೆ. ನಿದ್ದೆಗೆಟ್ಟು ದುಡಿದ ಮನುಷ್ಯ ಯಾವ ಕಾರಿನಲ್ಲಾದರೂ ತೂಕಡಿಸಬಹುದು. ಆದರೆ ದಣಿದವನನ್ನು ಇನ್ನಷ್ಟು ದಣಿಸುವ ಒಂದು ಕಾರಣ ಆ ಗಾಡಿಯಲ್ಲಿತ್ತು, ಅದನ್ನು ನನಗೆ ಸ್ಪಷ್ಟ ಕನ್ನಡದಲ್ಲಿ ಒಬ್ಬರು ತಿಳಿಸಿದ್ದರು. ಆ ರಾತ್ರಿ ಅಕ್ಕನ ಮನೆಯ ಜಗಲಿಯಲ್ಲಿ ಮಲಗಿದಾಗ ಸಾತಾರಾದ ಆ ಮಾತು ಪೂರ್ತಿಯಾಗಿ, ಅವರ ರಾಗದ ಸಮೇತ ನೆನಪಾಯಿತು. ಎಷ್ಟೋ ವರ್ಷ ಅದು ನನ್ನ ತಲೆಯಲ್ಲಿ ‘ಸ್ಲೈಟ್ ಬೂಮ್’ ಆಗಿಯೇ ಉಳಿದಿತ್ತು.

ವಿಮೆಯವರ ಓಡಾಟ, ಗ್ಯಾರೇಜು ಎಲ್ಲ ಮುಗಿದು ಗಾಡಿ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಭಾವನ ಕೈ ಇನ್ನೂ ಪೂರ್ತಿ ಕೂಡಿರಲಿಲ್ಲ. ಆಫೀಸಿನ ಶಬ್ದದ ಮೀಟರ್ ಕೇಳಿ ತಂದು ನಾನೇ ಕಾರನ್ನು ಹಾಸನದಿಂದ ಬೆಂಗಳೂರಿಗೆ ಓಡಿಸಿದೆ. ಪಕ್ಕದಲ್ಲಿ ಅಕ್ಕನ ಮಗ, ಮೀಟರ್ ಹಿಡಿದು ಅಂಕಿ ಬರೆಯಲು. ಆಗಷ್ಟೇ ಲೈಸೆನ್ಸ್ ಮಾಡಿಸಿಕೊಂಡಿದ್ದ.

ಗ್ಲಾಸು ಪೂರ್ತಿ ಮುಚ್ಚಿದೆ. ಟಾಪ್ ಗೇರು, ಎಂಬತ್ತು. ಮೊದಲ ಅರ್ಧ ಗಂಟೆ ಏನೂ ಅನ್ನಿಸಲಿಲ್ಲ. ಪುಣೆಯಲ್ಲಿ ನಾವು ಏಳು ಅಂಕ ಕೊಟ್ಟದ್ದು ಈ ಅರ್ಧ ಗಂಟೆಗೆ. ಚನ್ನರಾಯಪಟ್ಟಣ ದಾಟಿದ ಮೇಲೆ ಮಾತು ಕಡಿಮೆಯಾಯಿತು. ಹುಡುಗ ಏನೋ ಕೇಳಿದ, ಎರಡನೇ ಸಲ ಕೇಳಿದಾಗ ಉತ್ತರ ಕೊಟ್ಟೆ. ಹಿರೀಸಾವೆ ಬರುವ ಹೊತ್ತಿಗೆ ಕಿವಿಯ ಹಿಂದೆ, ದವಡೆಯ ಮೂಲದಲ್ಲಿ, ಬಾವಿಯಲ್ಲಿ ಮುಳುಗಿದಾಗ ಒತ್ತುತ್ತದಲ್ಲ, ಆ ಥರದ ಒತ್ತಡ. ಸದ್ದು ಎಂದು ಕರೆಯಲು ಆಗದು. ಕೇಳಿಸುವುದಕ್ಕಿಂತ ಹೆಚ್ಚಾಗಿ ಅದು ತಾಗುತ್ತಿತ್ತು. ಆಕಳಿಕೆ ಬಂತು. ನಾನು ಚೆನ್ನಾಗಿ ನಿದ್ದೆ ಮಾಡಿ ಎದ್ದವನು, ಬೆಳಿಗ್ಗೆ ಒಂಬತ್ತೂವರೆಯ ಹೊತ್ತು.

ಗ್ಲಾಸನ್ನು ಎರಡು ಬೆರಳು ಇಳಿಸಿದೆ. ನೀರಿನಿಂದ ತಲೆ ಎತ್ತಿದ ಹಾಗಾಯಿತು. ಒತ್ತಡ ಹೋಯಿತು, ಬದಲಿಗೆ ಗಾಳಿಯ ಸುಯ್‌ಗುಟ್ಟುವಿಕೆ ಬಂತು.

ಹುಡುಗ ಬರೆದ ಅಂಕಿಗಳು ನನ್ನ ಹತ್ತಿರ ಇನ್ನೂ ಇವೆ. ಗ್ಲಾಸು ಮುಚ್ಚಿದಾಗ ‘ಎ’ 67, ‘ಸಿ’ 94. ಇಳಿಸಿದಾಗ ‘ಎ’ 71, ‘ಸಿ’ 86. ಗ್ಲಾಸು ಇಳಿಸಿದರೆ ‘ಎ’ ಅಂಕಿ ಏರುತ್ತದೆ. ಅದನ್ನೇ ನಂಬಿದವನಿಗೆ ಇಳಿಸುವುದು ತಪ್ಪು ಎಂದೇ ತೋರುತ್ತದೆ. ನಾನು ಅಕ್ಷರಶಃ ಅದನ್ನೇ ಭಾವನಿಗೆ ಬೋಧಿಸಿದ್ದೆ. ಅವರ ಕಿವಿ ‘ಸಿ’ ಕಡೆ ಇತ್ತು.

ಬೆಳ್ಳೂರು ಕ್ರಾಸಿನಲ್ಲಿ ಕಾಫಿ ಕುಡಿದು, ಹುಡುಗನ ಕೈಗೆ ಸ್ಟೀರಿಂಗ್ ಕೊಟ್ಟು, ನಾನು ಹಿಂದಿನ ಸೀಟಿಗೆ ಹೋದೆ. ಗುಂಯ್ ಎಲ್ಲಿಂದ ಎಂದು ಹುಡುಕಬೇಕಿತ್ತು. ಮಾಡಿಗೆ ಅಂಗೈ ಇಟ್ಟೆ, ಅಷ್ಟಾಗಿ ಅದುರಲಿಲ್ಲ. ನೆಲ, ಬಾಗಿಲು, ಇಲ್ಲ. ಹಿಂದಕ್ಕೆ ತಿರುಗಿ, ಸೀಟಿನ ಬೆನ್ನಿನ ಮೇಲಿಂದ ಕೈ ಚಾಚಿ ಡಿಕ್ಕಿ ಬಾಗಿಲಿನ ಒಳಮೈಗೆ ಅಂಗೈ ತಾಗಿಸಿದೆ. ಮೊಳಕೈವರೆಗೆ ಜುಮ್ಮೆಂದಿತು. ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ಬಾಗಿಲು ದೊಡ್ಡದು, ಗಾಜಿನ ಭಾರವೂ ಅದರ ಮೇಲೆ. ಮೇಲೆ ಎರಡು ಕೀಲು, ಕೆಳಗೆ ಒಂದು ಚಿಲಕ, ಸುತ್ತ ರಬ್ಬರು. ಎಂಜಿನ್ನಿನ ಸಿಡಿತ ಆ ಬಾಗಿಲಿನ ಸಹಜ ಕಂಪನಕ್ಕೆ ಹೊಂದಿಕೊಂಡರೆ ಇಡೀ ಬಾಗಿಲು ಡೊಳ್ಳಿನ ಚರ್ಮದಂತೆ ಒಳಗೆ ಹೊರಗೆ ಆಡುತ್ತದೆ. ಕಾರಿನೊಳಗಿನ ಗಾಳಿಗೆ ಹೋಗಲು ದಾರಿಯಿಲ್ಲ. ಸೆಕೆಂಡಿಗೆ 40 ಸಲ ಅದು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡುತ್ತದೆ. ಎರಡು ಬೆರಳು ಗ್ಲಾಸು ಇಳಿಸಿದರೆ ಆ ಗಾಳಿಗೆ ಒಂದು ಬಾಯಿ ಸಿಕ್ಕಿದ ಹಾಗೆ. ಸಾತಾರಾದಿಂದ ಬಂದವರಿಗೂ ಭಾವನಿಗೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡೂ ಅಂಗೈಯಿಂದ ಬಾಗಿಲನ್ನು ಬಲವಾಗಿ ಒತ್ತಿ ಹಿಡಿದೆ.

“ಮಾವ, ನಿಂತ್ಹೋಯ್ತು!” ಎಂದು ಹುಡುಗ ಮುಂದಿನಿಂದ ಕೂಗಿದ.

ಕೈ ತೆಗೆದೆ, ಮತ್ತೆ ಬಂತು.

ಮದ್ದು ದೊಡ್ಡದೇನಲ್ಲ. ಬಾಗಿಲಿನ ಕೆಳಗೆ ಎರಡು ಬದಿಗೆ ರಬ್ಬರಿನ ಗುಂಡು ಬಿರಡೆಗಳಿರುತ್ತವೆ, ತಿರುಗಿಸಿ ಎತ್ತರ ಹೊಂದಿಸುವಂಥವು. ಅವನ್ನು ಎರಡೆರಡು ಸುತ್ತು ಹೊರಗೆ ತಿರುಗಿಸಿ ಬಾಗಿಲು ಬಿಗಿಯಾಗಿ ಕೂರುವಂತೆ ಮಾಡಿದೆ. ಆಮೇಲೆ ಹಾಸನದ ಒಂದು ಲೇತ್ ಅಂಗಡಿಯಲ್ಲಿ 700 ಗ್ರಾಂ ತೂಗುವ ಕಬ್ಬಿಣದ ಗಟ್ಟಿ ಮಾಡಿಸಿ, ರಬ್ಬರಿನ ಮೇಲೆ ಕೂರಿಸಿ ಡಿಕ್ಕಿ ಬಾಗಿಲಿನೊಳಗೆ ಬೋಲ್ಟ್ ಹಾಕಿದೆ. ರಬ್ಬರಿನ ದಪ್ಪವನ್ನು ಸರಿಯಾಗಿ ಹೊಂದಿಸಿದರೆ ಆ ಗಟ್ಟಿ 40 ಹರ್ಟ್ಸ್‌ಗೆ ತಾನು ಕುಣಿದು ಬಾಗಿಲನ್ನು ಕುಣಿಯಲು ಬಿಡುವುದಿಲ್ಲ. ಕಾರು ಕಂಪನಿಗಳು ಇದನ್ನು ಎಷ್ಟೋ ಕಡೆ ಬಳಸುತ್ತವೆ. ನಾನು ಕಡತದಲ್ಲಿ ಬೇರೆ ಪದ ಬರೆದಿದ್ದರೆ ಕಾರ್ಖಾನೆಯಲ್ಲೇ ಇದು ಆಗಬಹುದಿತ್ತು. ಮೊದಲನೇ ರಬ್ಬರು ಗಡುಸಾಯಿತು, ವ್ಯತ್ಯಾಸವೇ ಕಾಣಲಿಲ್ಲ. ಎರಡನೆಯದು ಮೆದುವಾಯಿತು. ನಾಲ್ಕನೆಯದಕ್ಕೆ ಗ್ಲಾಸು ಮುಚ್ಚಿಯೇ ‘ಸಿ’ 87ಕ್ಕೆ ಇಳಿಯಿತು. ‘ಎ’ 66. ಅದೇ ಒಂದು ಡೆಸಿಬಲ್.

ಪುಣೆಯ ಆ ಡ್ರೈವರ್ ನಿವೃತ್ತರಾಗಿ ಊರಿಗೆ ಹೋಗಿದ್ದಾರೆ. ಹಳೆಯ ಸಹೋದ್ಯೋಗಿಯಿಂದ ನಂಬರ್ ಪಡೆದು ಫೋನ್ ಮಾಡಿದೆ. ಎಲ್ಲ ಹೇಳಿದೆ: ಫಾರ್ಮಿನಲ್ಲಿ ನಾನು ಏನು ಬರೆದೆ, ಸಭೆಯಲ್ಲಿ ಏನಂದೆ, ಭಾವನ ಕೈ. ಅವರು ಬಹಳ ಹೊತ್ತು ಕೇಳಿಸಿಕೊಂಡರು. “ಯಾವ ಗಾಡಿರೀ ಸಾಹೇಬ್ರ ಅದು? ನೂರಾರು ಗಾಡಿ ಓಡ್ಸೇನಿ, ನೆನಪಿಲ್ಲರಿ” ಎಂದರು. ಆಮೇಲೆ, “ನಿಮ್ಮ ಭಾವಾವ್ರು ಈಗ ಆರಾಮ ಅದಾರಿಲ್ಲರಿ?” ಎಂದು ಕೇಳಿದರು. ಆರಾಮಾಗಿದ್ದಾರೆ ಎಂದೆ. ಕ್ಷಮೆ ಕೇಳಿದೆ. ಅವರಿಗೆ ನೆನಪೇ ಇಲ್ಲದ್ದಕ್ಕೆ ಅವರು ಹೇಗೆ ಕ್ಷಮಿಸಬೇಕು? ಈ ಸಲ ದ್ರಾಕ್ಷಿ ಚೆನ್ನಾಗಿ ಬಂದಿದೆ, ಬರ್ರಿ ಎಂದರು.

ಆಗಿನಿಂದ ನನ್ನ ಕೆಲಸದ ರೀತಿ ಒಂದು ವಿಷಯದಲ್ಲಿ ಬದಲಾಗಿದೆ. ಓಡಿಸಿ ಬಂದವರು ಹೇಳಿದ್ದನ್ನು ಅವರ ಮಾತಿನಲ್ಲೇ, ಅವರ ಭಾಷೆಯಲ್ಲೇ ಬರೆದುಕೊಳ್ಳುತ್ತೇನೆ. ಅದಕ್ಕೊಂದು ನೋಟ್‌ಬುಕ್ ಇದೆ. ತಮಿಳು, ತೆಲುಗಿನ ಡ್ರೈವರುಗಳು ಹೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದು, ಗೊತ್ತಿದ್ದವರಿಂದ ಅರ್ಥ ಕೇಳಿಕೊಳ್ಳುತ್ತೇನೆ. ಇಂಗ್ಲಿಷ್ ವರದಿಗೆ ಅದನ್ನು ಇಳಿಸುವುದು ಕೊನೆಯ ಹಂತ. ಒಬ್ಬರು ‘ಹಲ್ಲು ಹುಳಿಯಾಗುತ್ತೆ’ ಎಂದರು. ಒಬ್ಬರು ‘ಹೊಟ್ಟೆಯೊಳಗೆ ನೀರು ಕುಲುಕುತ್ತೆ’ ಎಂದರು. ಹೊಟ್ಟೆಯ ಆ ಮಾತು ಎಂಥ ಕರಾರುವಾಕ್ಕಾದ ಮಾತು! ಕೂತ ಮನುಷ್ಯನ ದೇಹ ಮೇಲೆ ಕೆಳಗಿನ ಅದುರುವಿಕೆಗೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ 4ರಿಂದ 8 ಕಂಪನದ ನಡುವೆ. ಮೈ ಕಂಪನ ಅಳೆಯುವ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 2631, ಹೆಚ್ಚು ತೂಕ ಕೊಡುವುದೂ ಅದಕ್ಕೇ. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆನ್ನಾಗಿ ನಿದ್ದೆ ಮಾಡಿ ಬಂದ 15 ಜನರನ್ನು ಅಲುಗುವ ಸೀಟಿನ ಮೇಲೆ ಕೂರಿಸಿ ಕಾರು ಓಡಿಸುವ ಅಣಕು ಮಾಡಿಸಿದರು. 4ರಿಂದ 7 ಹರ್ಟ್ಸ್‌ನ ಸಣ್ಣ ಅಲುಗಾಟಕ್ಕೇ ಕಾಲು ಗಂಟೆಯೊಳಗೆ ಮಂಪರಿನ ಲಕ್ಷಣ ಶುರುವಾಯಿತು. ತೊಟ್ಟಿಲು ತೂಗಿದ ಹಾಗೆ ಸೀಟು ತೂಗುತ್ತದೆ, ಎಚ್ಚರವಾಗಿರಲು ಮನುಷ್ಯ ಹೆಚ್ಚು ಹೆಣಗಬೇಕಾಗುತ್ತದೆ.

ಭಾವ ದಸರಾ ಹೊತ್ತಿಗೆ ಮತ್ತೆ ಡ್ಯೂಟಿ ಶುರು ಮಾಡಿದರು. ಮೊದಲ ಬೆಂಗಳೂರು ಟ್ರಿಪ್ಪಿಗೆ ನಾನೂ ಜೊತೆಗೆ ಹೋದೆ. ಗ್ಲಾಸಿನ ಬಗ್ಗೆ ಏನೂ ಹೇಳಬಾರದು ಎಂದು ನಿರ್ಧರಿಸಿಕೊಂಡಿದ್ದೆ. ಬೂವನಹಳ್ಳಿ ಬಳಿ ಅವರೇ ಮುಚ್ಚಿದರು. ಬೆಳ್ಳೂರು ಕ್ರಾಸ್ ಬಂತು, ಇಳಿಸಲಿಲ್ಲ. ಯಡಿಯೂರು ದೇವಸ್ಥಾನದ ಕಮಾನು ಕಂಡಾಗ ಒಂದು ಕೈ ಎದೆಗೆ ತಂದು ನಮಸ್ಕರಿಸಿದರು. ಅಪಘಾತವಾದ ಜಾಗ ದಾಟುವಾಗ ಇಬ್ಬರೂ ಮಾತಾಡಲಿಲ್ಲ. ಕುಣಿಗಲ್ ಕೆರೆ ಕಂಡ ಮೇಲೆ ಕೇಳಿದೆ.

“ಹೇಗಿದೆ ಭಾವ?”

ತಕ್ಷಣ ಉತ್ತರ ಕೊಡಲಿಲ್ಲ. ಸ್ವಲ್ಪ ಮುಂದಕ್ಕೆ ಜರುಗಿ ಕೂತರು, ಮತ್ತೆ ಹಿಂದಕ್ಕೆ ಜರುಗಿದರು.

“ಕಿವಿ ಪರವಾಗಿಲ್ಲ ಕಣೋ, ಬಿಟ್ಟಿದೆ. ಆದ್ರೆ ಇಲ್ಲಿಗೆ ಬರೋ ಹೊತ್ತಿಗೆ ಸೊಂಟದ ಎಡಗಡೆ ಹಿಡ್ಕೊಳ್ಳುತ್ತೆ. ಸೀಟು ಒಳಗಿಂದ ಒದ್ದಂಗೆ ಆಗುತ್ತೆ. ಎತ್ತಿನ ಗಾಡೀಲಿ ಅಚ್ಚಿನ ಮೇಲೆ ಕೂತಂಗೆ.”

ನೋಟ್‌ಬುಕ್ ತೆಗೆದು ಬರೆದುಕೊಂಡೆ. “ಎತ್ತಿನ ಗಾಡೀಲಿ ಅಂದ್ರೆ, ಯಾವ ರೀತಿ ಭಾವ? ಇನ್ನೊಂದ್ಸಲ ಹೇಳಿ” ಎಂದೆ. ಹೇಳಿದರು. ಎಡಗಡೆ ಎಂದದ್ದರ ಕೆಳಗೆ ಗೆರೆ ಎಳೆದೆ. ಮರುದಿನ ಬೆಳಿಗ್ಗೆ ಅವರ ಮನೆಯ ಮುಂದೆ ಸೀಟಿನ ನಾಲ್ಕು ಬೋಲ್ಟ್ ಬಿಚ್ಚಿ, ಬಟ್ಟೆ ಸರಿಸಿ ನೋಡಿದಾಗ, ಎಡಬದಿಯ ಫೋಮು ಕೂತು ರೊಟ್ಟಿಯಂತಾಗಿತ್ತು, ಕೆಳಗಿನ ತಂತಿ ಬೆರಳಿಗೆ ತಾಗುತ್ತಿತ್ತು.